ಸಜ್ಜಾಗೆ ಪ್ರಾಕ್ಸಿ ಹಾಕಿದ್ದು ಯಾರು?

ಫೈನಲ್ ಇಯರ್ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸಿವಿಲ್‌ನವರು ಆರಿಸಿಕೊಂಡದ್ದು ನಮ್ಮದೇ ಹಾಸ್ಟೆಲಿನ ಹಳೇ ಬ್ಲಾಕು. ಅದರ ಬಿಐಎಂ ಮಾಡೆಲ್ ಕಟ್ಟೋದು, ಅದರಿಂದ ಕಾಂಕ್ರೀಟಿನ ಲೆಕ್ಕ ತೆಗೆಯೋದು, ಎಲ್ಲೆಲ್ಲಿ ರಿಪೇರಿ ಬೇಕು ಅಂತ ಗುರುತಿಸೋದು. ಮೂರು ಜನ ಲ್ಯಾಬಿನ ಎಸಿಯಲ್ಲಿ ಕೂತು ರೆವಿಟ್‌ನಲ್ಲಿ ಮಾಡೆಲ್ ಮಾಡಿದೆವು. ನಾಲ್ಕನೆಯವನು, ಹಾಸನದವನು, ಟೇಪು ನೋಟ್‌ಬುಕ್ಕು ಹಿಡ್ಕೊಂಡು ಬಿಸಿಲಲ್ಲಿ ಕಟ್ಟಡ ಸುತ್ತಿದ.

ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟಾಗ ಅವನದ್ದು ಸುಮಾರು 5 ಘನ ಮೀಟರ್ ಜಾಸ್ತಿ ಬಂತು. ‘ಟೇಪು ಜೋತು ಬಿದ್ದಿರ್ಬೇಕು ಮಗಾ’ ಅಂದ್ವಿ. ‘ಇನ್ನೊಂದ್ಸಲ ನೋಡ್ರೋ’ ಅಂದ ಅವನು. ನಾವು ನೋಡಲಿಲ್ಲ. ಮಾರನೇ ದಿನ ರಿವ್ಯೂ ಇತ್ತು. ರಿಪೋರ್ಟಿನಲ್ಲಿ ಅವನ ಅಂಕಿ ಹೊಡೆದು ಮಾಡೆಲ್‌ನ ಅಂಕಿ ಹಾಕಿದ್ವಿ. ಅವನನ್ನ ಕೇಳಲೂ ಇಲ್ಲ.

ರಿವ್ಯೂನಲ್ಲಿ ಗೈಡ್ ಮೇಡಂ ಐಎಫ್‌ಸಿ ಫೈಲನ್ನ ವ್ಯೂವರ್‌ನಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ‘ಏನ್ರಪ್ಪಾ, ಕಿಟಕಿ ಮೇಲೆ ಸಜ್ಜಾ ಚೆನ್ನಾಗಿ ಕಾಣ್ತಿದೆ. ಲೆಕ್ಕದಲ್ಲಿ ಎಲ್ಲಿದೆ?’

ಒಂದು ಸಜ್ಜಾ ಮೇಲೆ ಕ್ಲಿಕ್ ಮಾಡಿದ್ವಿ. ‘ಐಎಫ್‌ಸಿ ಬಿಲ್ಡಿಂಗ್ ಎಲಿಮೆಂಟ್ ಪ್ರಾಕ್ಸಿ’ ಅಂತ ಬಂತು. ಅಲ್ಲಿವರೆಗೆ ಪ್ರಾಕ್ಸಿ ಅಂದ್ರೆ ನಮಗೆ ಗೊತ್ತಿದ್ದದ್ದು ಅಟೆಂಡೆನ್ಸ್ ಮಾತ್ರ. ಇದೂ ಹೆಚ್ಚುಕಮ್ಮಿ ಅದೇ ಕಥೆ ಅನ್ನಿ.

ರೆವಿಟ್, ಆರ್ಕಿಕ್ಯಾಡ್, ಟೆಕ್ಲಾ ಇವೆಲ್ಲ ಒಂದರ ಮಾಡೆಲ್ ಇನ್ನೊಂದು ಓದಲಿ ಅಂತ ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆ ರೂಪಿಸಿದ ಮಾದರಿ ಐಎಫ್‌ಸಿ. 2013ರಲ್ಲಿ ಅದು ಐಎಸ್‌ಒ 16739 ಆಯ್ತು. ಅದರಲ್ಲಿ ಗೋಡೆ, ಬಾಗಿಲು, ತೊಲೆ, ಸ್ಲ್ಯಾಬ್ ಪ್ರತಿಯೊಂದಕ್ಕೂ ಒಂದೊಂದು ವರ್ಗ ಇದೆ. ಯಾವ ವರ್ಗಕ್ಕೂ ಸೇರಿಸದೆ ಬಿಟ್ಟ ವಸ್ತು ಹೋಗಿ ಬೀಳೋದು ಪ್ರಾಕ್ಸಿ ಅನ್ನೋ ಚೀಲಕ್ಕೆ. ನಾವು ಸಜ್ಜಾನ ‘ಜೆನೆರಿಕ್ ಮಾಡೆಲ್’ ಅಂತ ಬರೆದಿದ್ವಿ, ಎಕ್ಸ್‌ಪೋರ್ಟ್ ಮಾಡಿದಾಗ ಚೀಲ ಸೇರಿತು. ಅದೇ ಚೀಲದಲ್ಲಿ ಕಲ್ಲು ಬೆಂಚು, ಬಟ್ಟೆ ಒಗೆಯೋ ಕಲ್ಲು, ಟ್ಯಾಂಕಿನ ಸ್ಟ್ಯಾಂಡು ಎಲ್ಲಾ ಇದ್ವು. ನಮ್ಮ ಲೆಕ್ಕದ ಫಿಲ್ಟರು ಸ್ಲ್ಯಾಬ್, ತೊಲೆ, ಕಂಬ ಮಾತ್ರ ಎತ್ತಿಕೊಂಡಿತ್ತು. ಸಿಎಸ್‌ನವರಿಗೆ ಹೇಳೋದಾದ್ರೆ, ಎಲ್ಲಾ ವೇರಿಯೇಬಲ್ಲಿಗೂ ಒಂದೇ ಟೈಪ್ ಕೊಟ್ಟು ಆಮೇಲೆ ಟೈಪ್ ನೋಡಿ ಸಾರ್ಟ್ ಮಾಡಿದ ಹಾಗೆ.

ಲೆಕ್ಕ ಹಾಕಿ: ಒಂದು ಸಜ್ಜಾ 1.8 ಮೀಟರ್ ಉದ್ದ, 0.6 ಮೀಟರ್ ಚಾಚು, 75 ಮಿಲಿಮೀಟರ್ ದಪ್ಪ. ಅಂದ್ರೆ 0.081 ಘನ ಮೀಟರ್. ಅಂಥವು 64. ಅವನ ಟೇಪು ಜೋತು ಬಿದ್ದಿರಲಿಲ್ಲ.

ಸರಿ, ಈಗ ಸಜ್ಜಾನ ಯಾವ ವರ್ಗಕ್ಕೆ ಹಾಕೋದು? ಇದಕ್ಕೆ ಒಂದು ಇಡೀ ರಾತ್ರಿ ಜಗಳ ಆಯ್ತು. ಒಬ್ಬ ಸ್ಲ್ಯಾಬ್ ಅಂದ: ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ್ದು, ಇನ್ನೇನು? ಇನ್ನೊಬ್ಬ ಐಎಫ್‌ಸಿ 4ರಲ್ಲಿ ‘ಶೇಡಿಂಗ್ ಡಿವೈಸ್’ ಅಂತಲೇ ಒಂದು ವರ್ಗ ಇರೋದನ್ನ ತೋರಿಸಿದ: ಬಿಸಿಲು ತಡೆಯೋದೇ ತಾನೇ ಅದರ ಕೆಲಸ? ಕಟ್ಟಡ ಎಷ್ಟು ಕಾಯುತ್ತೆ ಅಂತ ಲೆಕ್ಕ ಹಾಕೋವನಿಗೆ ಅವನ ಮಾತೇ ಸರಿ, ಕಾಂಕ್ರೀಟ್ ಎಣಿಸೋವನಿಗೆ ಇವನದು. ಸಿಪಿಡಬ್ಲ್ಯುಡಿ ದರಪಟ್ಟಿಯಲ್ಲಂತೂ ಸಜ್ಜಾದ ಸೆಂಟ್ರಿಂಗಿಗೆ ಬೇರೆಯೇ ಐಟಂ. ಆಕಾರ ನೋಡಿದ್ರೆ ಒಂದು ಚಪ್ಪಟೆ ಡಬ್ಬ ಅಷ್ಟೇ, ಅದು ಏನು ಅನ್ನೋದನ್ನ ಕೇಳೋರು ಯಾರು ಅನ್ನೋದರ ಮೇಲೆ ಹೇಳಬೇಕು. ಐಎಫ್‌ಸಿ ಮಾಡಿದವರಿಗೂ ಈ ತಾಪತ್ರಯ ಗೊತ್ತಿತ್ತು ಅಂತ ಕಾಣುತ್ತೆ. ವಸ್ತುವಿಗೆ ವರ್ಗ ಒಂದೇ, ಆದ್ರೆ ಅದಕ್ಕೆ ಹೊರಗಿನ ವರ್ಗೀಕರಣದ ಚೀಟಿ ಎಷ್ಟು ಬೇಕಾದ್ರೂ ಅಂಟಿಸಬಹುದು: ಬ್ರಿಟನ್ನಿನ ಯೂನಿಕ್ಲಾಸ್, ಅಮೆರಿಕದ ಆಮ್ನಿಕ್ಲಾಸ್, ಬೇಕಾದ್ರೆ ನಮ್ಮ ದರಪಟ್ಟಿಯ ಐಟಂ ನಂಬರು. ನಾವು ಕೊನೆಗೆ ಸ್ಲ್ಯಾಬ್ ಅಂತ ಇಟ್ಟು ದರಪಟ್ಟಿಯ ಚೀಟಿ ಅಂಟಿಸಿದ್ವಿ. ನಮ್ಮ ಪ್ರಾಜೆಕ್ಟು ಕೇಳ್ತಿದ್ದದ್ದು ಕಾಂಕ್ರೀಟನ್ನ ತಾನೇ.

ಇಲ್ಲಿಗೆ ಮುಗೀತು ಅಂದ್ಕೊಂಡ್ರೆ ತಪ್ಪು. ‘ಐಎಫ್‌ಸಿ ಎಕ್ಸ್‌ಪೋರ್ಟ್ ಆ್ಯಸ್’ ಅನ್ನೋ ಪ್ಯಾರಾಮೀಟರ್‌ನಲ್ಲಿ ವರ್ಗದ ಹೆಸರು ಬರೆದಿದ್ರೆ ಸಾಕಿತ್ತು. ನಾವು ಬುದ್ಧಿವಂತರು ನೋಡಿ, 64ನ್ನೂ ಅಳಿಸಿ ಹೊಸದಾಗಿ ಬರೆದ್ವಿ. ಐಎಫ್‌ಸಿಯಲ್ಲಿ ಪ್ರತಿ ವಸ್ತುವಿಗೂ 22 ಅಕ್ಷರದ ಒಂದು ಗ್ಲೋಬಲ್ ಐಡಿ ಇರುತ್ತೆ, ನಮ್ಮ ಯುಎಸ್ಎನ್ ಇದ್ದ ಹಾಗೆ. ಅಳಿಸಿ ಮತ್ತೆ ಬರೆದ್ರೆ ಕಣ್ಣಿಗೆ ಅದೇ ಸಜ್ಜಾ, ಫೈಲಿಗೆ ಹೊಸ ಅಡ್ಮಿಷನ್. ಯಾವ ಸಜ್ಜಾದಲ್ಲಿ ಕಂಬಿ ಹೊರಗೆ ಬಂದಿದೆ, ಯಾವುದು ಸೋರುತ್ತೆ ಅಂತ ಹಾಸನದವನು ಎಕ್ಸೆಲ್‌ನಲ್ಲಿ ತುಂಬಿದ್ದು ಹಳೇ ಐಡಿ ಹಿಡಿದೇ. 64 ಸಾಲು, ಒಂದಕ್ಕೂ ವಾರಸುದಾರರಿಲ್ಲ. ಹಳೇ ಫೈಲಿನ ಮೇಲೇ ಸೇವ್ ಮಾಡಿಬಿಟ್ಟಿದ್ವಿ.

ಅವನಿಗೆ ಇದನ್ನ ಹೇಳೋಕೆ ಮೂರು ಜನಾನೂ ಒಟ್ಟಿಗೇ ಹೋದ್ವಿ. ಲೆಕ್ಕದ ವಿಷಯಕ್ಕೆ ಸಾರಿ ಕೇಳೋದೂ ಬಾಕಿ ಇತ್ತು. ಬೈತಾನೆ ಅಂದ್ಕೊಂಡ್ವಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ಯಾಗಿನಿಂದ ನೋಟ್‌ಬುಕ್ ತೆಗೆದ. ಅದರಲ್ಲಿ ಐಡಿ ಇರಲಿಲ್ಲ. ‘ಮೆಸ್ ಕಡೆಯಿಂದ ಮೂರನೇದು, ಹಗ್ಗ ಕಟ್ಟಿರೋದು’, ‘ವಾರ್ಡನ್ ರೂಮಿನ ಮೇಲಿಂದು, ಗಿಡ ಹುಟ್ಟಿದೆ’, ‘ಪಾರಿವಾಳ ಗೂಡು ಕಟ್ಟಿರೋದು’ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದ.

ಈ ಸಲ ನಾಲ್ಕೂ ಜನ ಬಿಸಿಲಿಗಿಳಿದ್ವಿ. ಅವನು ಓದೋದು, ಒಬ್ಬ ಬೆರಳು ಮಾಡಿ ತೋರಿಸೋದು, ಇಬ್ಬರು ಲ್ಯಾಪ್‌ಟಾಪಿನಲ್ಲಿ ಹೊಸ ಐಡಿ ಹುಡುಕಿ ಬರ್ಕೊಳ್ಳೋದು. ಸಂಜೆಗೆ 63 ಸಿಕ್ಕಿದ್ವು. ಉಳಿದ ಒಂದರ ಪಾರಿವಾಳ ಅಷ್ಟರಲ್ಲಿ ಗೂಡು ಬಿಟ್ಟು ಹೋಗಿತ್ತು. ಹೇಗೂ ಉಳಿದದ್ದು ಅದೊಂದೇ ಅಲ್ವಾ, ಅದಕ್ಕೂ ಐಡಿ ಬರ್ಕೊಂಡ್ವಿ.

ರಿಪೋರ್ಟಿನಲ್ಲಿ ಹೊಡೆದುಹಾಕಿದ್ದ ಅವನ ಅಂಕಿಯನ್ನ ಆ ರಾತ್ರಿನೇ ವಾಪಸ್ ಬರೆದ್ವಿ.