ಡಾಕ್ಟ್ರೇ, ಒಂದು ಚೀಟಿ

ಆಟಿ ತಿಂಗಳ ಮಳೆ ಬಿಡದೆ ಹಿಡಿದರೆ ಬಜಪೆ ಪೇಟೆಯಲ್ಲಿ ಬಸ್ಸಿಗೆ ಕಾಯುವವರೆಲ್ಲ ಹೋಟೆಲಿನೊಳಗೆ ಬಂದು ಕೂರುತ್ತಾರೆ. ಮೊನ್ನೆ ನಾನೂ ಹಾಗೆ ಕೂತಿದ್ದೆ. ಎದುರು ಬೆಂಚಿನಲ್ಲಿ ಮೂವರು ಮೆಡಿಕಲ್ ವಿದ್ಯಾರ್ಥಿಗಳು. ಬಿಳಿ ಕೋಟು ಒದ್ದೆಯಾಗದ ಹಾಗೆ ಮಡಚಿ ಪ್ಲಾಸ್ಟಿಕ್ ತೊಟ್ಟೆಯಲ್ಲಿಟ್ಟು ಮಡಿಲಲ್ಲಿ ಹಿಡಿದಿದ್ದರು. ಮಾತಿನಿಂದಲೇ ಊರು ಗೊತ್ತಾಗುತ್ತಿತ್ತು: ಒಬ್ಬ ಬಂಟ್ವಾಳದ ಕಡೆಯವ, ಇನ್ನೊಬ್ಬ ವಿಜಯಪುರದವ, ಹುಡುಗಿ ಕೇರಳದವಳು. ಬನ್ಸ್ ತಣ್ಣಗಾಗುತ್ತಿತ್ತು, ಚರ್ಚೆ ಬಿಸಿಯಾಗುತ್ತಿತ್ತು.

"ಅಜ್ಜಿಯ ಹತ್ರ ಕಾರ್ಡ್ ಉಂಟು ಮಾರಾಯ. ವರ್ಷಕ್ಕೆ ಐದು ಲಕ್ಷದವರೆಗೆ ಉಂಟು. ಆದ್ರೂ ಮನೆಯಲ್ಲೇ ಕೂತಿದ್ದಾರಲ್ಲ!" ಎಂದ ಬಂಟ್ವಾಳದವ.

"ರೆಫರಲ್ ಇಲ್ದ ಹೋದ್ರ ಏನ್ ಮಾಡ್ತಾರ? ಕೌಂಟರ್‌ನವರದು ತಪ್ಪಿಲ್ಲ, ರೂಲ್ಸ್ ಹಂಗ ಅದ" ಎಂದ ವಿಜಯಪುರದವ.

ಹುಡುಗಿ ನಿಧಾನವಾಗಿ, ಒಂದೊಂದೇ ಪದ ಹುಡುಕಿ ಹೇಳಿದಳು: "ರೂಲ್ಸ್ ಉಂಟು. ಆದರೆ ಅಜ್ಜಿಗೆ ಅದನ್ನು ಹೇಳಬೇಕಾದವರು ಯಾರು?"

ಆ ಪ್ರಶ್ನೆ ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಯಾವ ಅಜ್ಜಿ ಎಂದು ವಿಚಾರಿಸಿದೆ. ಎಂಬಿಬಿಎಸ್ ಪಾಠದಲ್ಲಿ ಈಗ ಕುಟುಂಬ ದತ್ತು ಎಂಬ ಕಾರ್ಯಕ್ರಮ ಸೇರಿದೆ. ಒಬ್ಬೊಬ್ಬ ವಿದ್ಯಾರ್ಥಿಗೆ ಹಳ್ಳಿಯ ಕೆಲವು ಮನೆಗಳು. ಓದಿನ ಅವಧಿಯಲ್ಲಿ ಆಗಾಗ ಹೋಗಿ ಆ ಮನೆಯವರ ಬಿ.ಪಿ., ಶುಗರ್, ಊಟ, ನೀರು ಎಲ್ಲ ವಿಚಾರಿಸಬೇಕು. ಇವರ ಪಾಲಿಗೆ ಬಂದ ಮನೆಗಳಲ್ಲಿ ಒಂದು ಈ ಅಜ್ಜಿಯದು. ಗುಡ್ಡೆ ಹತ್ತಿದರೆ ಅವರಿಗೆ ಎದೆ ಹಿಡಿಯುತ್ತದೆ, ಉಸಿರು ಸಿಕ್ಕುತ್ತದೆ. ಊರಿನ ಡಾಕ್ಟರು ಪರೀಕ್ಷೆ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದಿದ್ದಾರೆ. ಅಜ್ಜಿ ಒಬ್ಬರೇ ಬಸ್ಸು ಹತ್ತಿ ಪೇಟೆಗೆ ಹೋಗಿದ್ದಾರೆ. ಕೌಂಟರಿನಲ್ಲಿ "ಚೀಟಿ ತನ್ನಿ" ಎಂದಿದ್ದಾರೆ. ಯಾವ ಚೀಟಿ, ಯಾರು ಕೊಡುವುದು, ಎಲ್ಲಿ ಕೊಡುವುದು ಎಂದು ತಿಳಿಯದೆ ಹಾಗೇ ವಾಪಸು ಬಂದು, ಒಲೆ ಹೊತ್ತಿಸಿ, ಗಂಜಿ ಬೇಯಿಸಿ, ಎರಡು ತಿಂಗಳು, ಈ ಹುಡುಗರು ಕೇಳುವವರೆಗೆ, ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ಹುಡುಗರು ವಿವರಿಸಿದ ವ್ಯವಸ್ಥೆ ಹೀಗೆ. 2018ರ ಮಾರ್ಚಿನಲ್ಲಿ ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಆರಂಭವಾಯಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೆಗೆ ಎರಡನ್ನೂ ಜೋಡಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಆದರೆ ನಿಗದಿತ ದರದ ಶೇ. 30, ಒಂದೂವರೆ ಲಕ್ಷದ ಮಿತಿಯೊಳಗೆ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಯಾದರೆ ಅಲ್ಲಿಯ ವೈದ್ಯರು ಚೀಟಿ ಬರೆಯಬೇಕು, ಆಮೇಲೆ ಖಾಸಗಿ ಆಸ್ಪತ್ರೆ. ತುರ್ತು ಸಂದರ್ಭಕ್ಕೆ ಮಾತ್ರ ವಿನಾಯಿತಿ. ಯೋಚಿಸಿದರೆ ಇದರಲ್ಲಿ ವಿವೇಕ ಇದೆ. ಸರಕಾರಿ ಆಸ್ಪತ್ರೆ ಖಾಲಿ ಬೀಳಬಾರದು, ಸಣ್ಣ ಕಾಯಿಲೆಗೆ ದೊಡ್ಡ ಬಿಲ್ಲು ಆಗಬಾರದು. ಆದರೆ ಇಷ್ಟೆಲ್ಲ ವಿವೇಕ ಕೊನೆಗೆ ಕೂತಿರುವುದು ಒಂದು ತುಂಡು ಕಾಗದದ ಮೇಲೆ. ಅದನ್ನು ಬರೆಯುವ ಕೈ ಎರಡು ನಿಮಿಷ ಹೆಚ್ಚು ಮಾತಾಡಿದರೆ ಅಜ್ಜಿ ದಾರಿ ಸೇರುತ್ತಾರೆ. ಮಾತಾಡದಿದ್ದರೆ ಐದು ಲಕ್ಷವೂ ಅಟ್ಟದ ಮೇಲಿನ ಕಂಚಿನ ಹಂಡೆಯ ಹಾಗೆ, ಇದ್ದೂ ಬಳಕೆಗಿಲ್ಲ.

ಚೀಟಿ ಎಂದ ಕೂಡಲೇ ನನಗೆ ನಮ್ಮ ಬಾಲ್ಯದ ಡಾಕ್ಟರು ನೆನಪಾದರು. ಕ್ಲಿನಿಕ್ ಎಂದರೆ ಹಂಚಿನ ಮಾಡಿನ ಎರಡು ಕೋಣೆ. ಒಳಗೆ ಡಾಕ್ಟರು, ಹೊರಗೆ ಕಂಪೌಂಡರು. ಮಿಕ್ಸ್ಚರಿಗೆ ಬಾಟ್ಲಿ ನಾವೇ ಒಯ್ಯಬೇಕು. ಹೊತ್ತಿಗೆಷ್ಟು ಎಂದು ಗೊತ್ತಾಗುವ ಹಾಗೆ ಕಾಗದವನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಬಾಟ್ಲಿಗೆ ಅಂಟಿಸುತ್ತಿದ್ದರು. ಓದಲು ಬಾರದ ನನ್ನ ಅಜ್ಜಿಗೂ ಆ ಹಲ್ಲುಗಳ ಲೆಕ್ಕ ತಪ್ಪುತ್ತಿರಲಿಲ್ಲ. ತನ್ನ ಕೈಯಲ್ಲಿ ಆಗದ ಕಾಯಿಲೆಯಾದರೆ ಡಾಕ್ಟರು ನಾಲ್ಕು ಸಾಲು ಬರೆದು, "ಇದನ್ನು ವೆನ್ಲಾಕಿನಲ್ಲಿ ಇಂಥವರ ಕೈಗೇ ಕೊಡು, ನಾನು ಕಳಿಸಿದ್ದು ಅಂತ ಹೇಳು" ಎನ್ನುತ್ತಿದ್ದರು. ಆ ಚೀಟಿ ಹಿಡಿದು ಹೋದವನಿಗೆ ಅಪರಿಚಿತ ಆಸ್ಪತ್ರೆಯಲ್ಲಿ ಒಬ್ಬ ನೆಂಟ ಇದ್ದ ಹಾಗೆ. ಆ ಕಾಲವೇ ಚಿನ್ನ ಎಂದು ನಾನು ಹೇಳುವುದಿಲ್ಲ. ದುಡ್ಡಿಲ್ಲದೆ, ವಾಹನವಿಲ್ಲದೆ ದಾರಿಯಲ್ಲೇ ತೀರಿಹೋದವರನ್ನು ಅದೇ ಕಾಲದಲ್ಲಿ ಕಂಡಿದ್ದೇನೆ. ಆದರೆ ಆ ಚೀಟಿಯಲ್ಲಿ ಒಬ್ಬರ ಹೊಣೆ ಇತ್ತು.

ಮಂಗಳೂರಿನ ಆ ಸರಕಾರಿ ಆಸ್ಪತ್ರೆ, ವೆನ್ಲಾಕ್, ಆರಂಭವಾದದ್ದು 1848ರಲ್ಲಿ. 1880ರಲ್ಲಿ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ತೊಡಗಿದರು. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಗಳು ಖಾಸಗಿ ಮೆಡಿಕಲ್ ಕಾಲೇಜು ಕಟ್ಟಿದಾಗ, ರೋಗಿಯ ಹಾಸಿಗೆಯ ಪಕ್ಕದ ಪಾಠಕ್ಕೆ ಆರಿಸಿಕೊಂಡದ್ದು ಮಂಗಳೂರಿನ ಸರಕಾರಿ ವಾರ್ಡುಗಳನ್ನು. ಇಂದಿಗೂ ವೆನ್ಲಾಕ್, ಲೇಡಿ ಗೋಶನ್‌ಗಳಲ್ಲಿ ಪೈಗಳ ಆ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮಕ್ಕಳು ಕಲಿಯುತ್ತಾರೆ. ನಮ್ಮ ಬಡವರ ಜ್ವರ, ನಮ್ಮ ಬಡ ತಾಯಂದಿರ ಹೆರಿಗೆಯೇ ಅವರ ಪಠ್ಯ. ಈ ಋಣವನ್ನು ಪ್ರತಿ ಬ್ಯಾಚಿನವರಿಗೂ ಮೊದಲ ದಿನವೇ ಹೇಳಬೇಕು ಎನ್ನುವುದು ನನ್ನ ಆಸೆ.

ಪೈಗಳ ಮಾತು ಬಂದಾಗ ಆ ಹುಡುಗರಿಗೆ ಗೊತ್ತಿರದ ಒಂದು ಸಂಗತಿ ಹೇಳಿದೆ. ಉಡುಪಿಯಲ್ಲಿ ಡಾಕ್ಟರಾಗಿದ್ದ ಅವರು 1925ರಲ್ಲಿ, ಸೋತುಹೋದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು, ಇನ್ನಿಬ್ಬರ ಜೊತೆ ಸೇರಿ ಬ್ಯಾಂಕ್ ಸ್ಥಾಪಿಸಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಪಿಗ್ಮಿ ಬಂತು: ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ಒಯ್ಯುವ ಉಳಿತಾಯ. ಇನ್ನೊಂದು ಕತೆ ನಮಗೆ ಇನ್ನೂ ಹತ್ತಿರದ್ದು. ಬಜಪೆಯಿಂದ ಕಟೀಲು ದಾಟಿದರೆ ಕಿನ್ನಿಗೋಳಿ. ಅಲ್ಲಿ ಹುಟ್ಟಿ, ಮಂಗಳೂರಿನಲ್ಲೇ ಡಾಕ್ಟರಿಕೆ ಓದಿದವರು ಡಾ. ದೇವಿ ಶೆಟ್ಟಿ. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಆರೋಗ್ಯ ಯೋಜನೆಯ ಹಿಂದೆ ಇದ್ದದ್ದು ಅವರ ಯೋಚನೆ. ರೈತ ಕೊಡಬೇಕಾದದ್ದು ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಎರಡಾಣೆಗೂ ಐದು ರೂಪಾಯಿಗೂ ನಡುವೆ ಮುಕ್ಕಾಲು ಶತಮಾನ ಕಳೆದಿದೆ, ಆದರೆ ಎರಡೂ ಕರಾವಳಿಯ ಡಾಕ್ಟರ ಲೆಕ್ಕ. ಎದುರು ಕೂತ ರೋಗಿಯ ಜೇಬು ಎಷ್ಟು ತೆಳು ಎಂದು ಕಂಡವರಿಗೇ ಇಂಥ ಲೆಕ್ಕ ಹೊಳೆಯುತ್ತದೆ ಎಂದು ನಾನು ನಂಬಿದ್ದೇನೆ. ಯಶಸ್ವಿನಿ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿತ್ತು. ರೈತರು ಕೇಳಿ ಕೇಳಿ ಮತ್ತೆ ಬಂದಿದೆ.

ವಿಜಯಪುರದ ಹುಡುಗ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. "ಸರ್, ಆಪರೇಶನ್‌ಗೆ ಕಾರ್ಡ್ ಅದ. ತಿಂಗಳಾ ತಿಂಗಳಾ ಶುಗರ್ ಗುಳಿಗಿಗೆ ಏನದ? ನಮ್ಮಪ್ಪ ಗುಳಿಗಿ ದಿನಾ ಬಿಟ್ಟು ದಿನಾ ತಗೋತಾನ್ರಿ, ರೊಕ್ಕ ಉಳಸಾಕ." ಅವನ ದನಿ ಅಲ್ಲಿ ಸಣ್ಣದಾಯಿತು. ನಾವ್ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನು ಹೇಳಿದ್ದು ಸರಿ. ಈ ಯೋಜನೆಗಳು ಇರುವುದು ಹಾಸಿಗೆ ಹಿಡಿದವನಿಗೆ. ಹಾಸಿಗೆ ಹಿಡಿಯದ ಹಾಗೆ ಕಾಯುವ ಗುಳಿಗೆಯ ಖರ್ಚು ಬಹುತೇಕ ಮನೆಯವರದೇ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ. 64.2 ಇತ್ತು, 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದದ್ದು ಸಂತೋಷವೇ. ಆದರೆ ಆ ಉಳಿದ ಪಾಲಿನಲ್ಲಿ ಅವನ ಅಪ್ಪನ ಅರ್ಧ ಗುಳಿಗೆ ಇದೆ. ಸರಕಾರಿ ಆಸ್ಪತ್ರೆಯ ಗುಳಿಗೆ, ಜನೌಷಧಿ ಅಂಗಡಿಯ ಕಡಿಮೆ ಬೆಲೆಯ ಗುಳಿಗೆ ಇದ್ದೇ ಇದೆಯಲ್ಲ ಎಂದರೆ, "ಅದು ಕೆಲಸ ಮಾಡ್ತದ ಅಂತ ಡಾಕ್ಟರ್ ಬಾಯಿಂದ ಬರಬೇಕ್ರಿ, ಅಂಗಡಿ ಬೋರ್ಡಿಂದ ಅಲ್ಲ" ಎಂದ.

ಬಂಟ್ವಾಳದವನಿಗೆ ಬೇರೆ ಚಿಂತೆ. ಅವನ ಸೀನಿಯರುಗಳು ಕೇಸ್ ಶೀಟಿನಲ್ಲಿ ಒಂದೊಂದು ಸಾಲನ್ನೂ ಕೋರ್ಟನ್ನು ನೆನೆದೇ ಬರೆಯುತ್ತಾರಂತೆ. 1995ರ ನವೆಂಬರಿನಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನೊಳಗೆ ತಂದಿತು. ರೋಗಿ ಅಂದಿನಿಂದ ಗ್ರಾಹಕನೂ ಆದ. 2017ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ತಿದ್ದುಪಡಿಗೆ ವಿರೋಧವಾಗಿ ಡಾಕ್ಟರುಗಳು ಮುಷ್ಕರ ಹೂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಜೈಲು ಶಿಕ್ಷೆಯ ಮಾತು ಬಿಟ್ಟುಹೋಯಿತು. ಆದರೆ ಬಿಲ್ಲು ಬಾಕಿ ಇದೆಯೆಂದು ಶವ ಹಿಡಿದಿಡಬಾರದು ಎಂಬುದು ಉಳಿಯಿತು, ರೋಗಿಗಳ ಹಕ್ಕಿನ ಸನ್ನದೂ ಉಳಿಯಿತು. ಇವೆರಡೂ ಬೇಕಿತ್ತು ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಕೋರ್ಟಿಗೆಂದು ಬರೆದದ್ದೆಲ್ಲ ರೋಗಿಗೆ ಹೇಳಿದಂತಾಗುವುದಿಲ್ಲ. ನನ್ನ ತಾಯಿಯನ್ನು ಒಂದು ಆಸ್ಪತ್ರೆಯಿಂದ ಮನೆಗೆ ತರುವಾಗ ಆರು ಪುಟದ ಡಿಸ್ಚಾರ್ಜ್ ಕಾಗದ ಕೊಟ್ಟಿದ್ದರು. ಅದರಲ್ಲಿ ಎಲ್ಲವೂ ಬರೆದಿತ್ತು, ಆದರೆ ಯಾರೂ ಏನನ್ನೂ ಹೇಳಿರಲಿಲ್ಲ. ನಿಲ್ಲಿಸಬೇಕಿದ್ದ ಗುಳಿಗೆಯನ್ನು ನಾವು ಹನ್ನೊಂದು ದಿನ ಕೊಟ್ಟೆವು.

ಹುಡುಗಿ ಹೇಳಿದ್ದು ಭಯದ ವಿಷಯ. 2024ರ ಆಗಸ್ಟ್ 9ರಂದು ಕೋಲ್ಕತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಒಬ್ಬ ತರುಣ ವೈದ್ಯೆಯ ಅತ್ಯಾಚಾರ, ಕೊಲೆಯ ಸುದ್ದಿ ಗೊತ್ತಾದ ಮೇಲೆ ಅವಳ ಅಮ್ಮ ರಾತ್ರಿ ಫೋನು ಮಾಡದೆ ಮಲಗುವುದಿಲ್ಲವಂತೆ. "ರೋಗಿಯ ಕಡೆಯವರು ಗುಂಪಾಗಿ ಬಂದರೆ ನಮಗೂ ಕೈ ನಡುಗುತ್ತದೆ ಸರ್" ಎಂದಳು. ಕೌಂಟರಿನ ಈಚೆ ನಿಂತ ನಮಗೆ ಆಚೆಯ ಕೈ ನಡುಗುವುದು ಕಾಣುವುದಿಲ್ಲ. ಇಪ್ಪತ್ತೊಂದರ ಆ ಮಗು ಅದನ್ನು ಹೇಳಿದಾಗ ನನಗೆ ನಾಚಿಕೆಯಾಯಿತು. ಸಿಟ್ಟಿನಲ್ಲಿ ನಾನೂ ಒಮ್ಮೆ ಒಬ್ಬ ಹೌಸ್ ಸರ್ಜನ್ ಹುಡುಗನ ಮೇಲೆ ಕೂಗಿದ್ದೆ.

ಅವಳ ಊರು ಕಾಸರಗೋಡಿನ ದಕ್ಷಿಣಕ್ಕೆ. ಹಾಗಾಗಿ ಮಾತು ಗಡಿಯ ತಲಪಾಡಿ ಚೆಕ್‌ಪೋಸ್ಟಿಗೆ ಹೋಗಲೇಬೇಕಾಯಿತು. ಮಂಜೇಶ್ವರ, ಬದಿಯಡ್ಕ, ಪೆರ್ಲದವರಿಗೆ ಆಸ್ಪತ್ರೆಯೆಂದರೆ ಮಂಗಳೂರೇ. ಗೆರೆ ನಕ್ಷೆಯಲ್ಲಿ, ಡಾಕ್ಟರು ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ಕೊರೋನಾ ಹೆಸರಿನಲ್ಲಿ ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಆಗಿನ್ನೂ ಪೂರ್ತಿಯಾಗಿರಲಿಲ್ಲ. ವರ್ಷಗಳಿಂದ ಇಲ್ಲಿಯ ಡಾಕ್ಟರ ಕೈಗುಣ ನಂಬಿದ್ದವರು ಚೆಕ್‌ಪೋಸ್ಟಿನಿಂದ ವಾಪಸಾದರು, ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ ದಿನ ದಿನವೂ ಬಂತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ತೆರೆಯಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ವೈದ್ಯರ ಪ್ರಮಾಣಪತ್ರ ಇದ್ದ ರೋಗಿಯನ್ನು ಬಿಡುವುದೆಂದು ಒಪ್ಪಂದವಾಯಿತು. ಅಲ್ಲಿಯೂ ಒಂದು ಚೀಟಿ. ನನ್ನ ಸರಕಾರ ಆ ದಿನಗಳಲ್ಲಿ ಮಾಡಿದ್ದು ತಪ್ಪು ಎಂದು ಆ ಹುಡುಗಿಗೆ ಹೇಳಿದೆ. ಹೇಳದೆ ಅವಳ ಎದುರು ಚಾ ಕುಡಿಯಲು ನನಗೆ ಆಗುತ್ತಿರಲಿಲ್ಲ.

ಮಳೆ ಸ್ವಲ್ಪ ಬಿಟ್ಟಿತು. ಅಜ್ಜಿಯ ಮನೆ ನನ್ನ ದಾರಿಯಲ್ಲೇ, ಜೊತೆಗೆ ಹೊರಟೆ. ಆಚೆ ಕೆಂಜಾರಿನ ಗುಡ್ಡದ ಮೇಲಿನಿಂದ ವಿಮಾನ ಏರಿತು. 1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದ ನೆಲ ಅದು. 2010ರ ಮೇ 22ರ ಬೆಳಿಗ್ಗೆ ವಿಮಾನ ದುರಂತದಲ್ಲಿ 158 ಜನ ಸತ್ತದ್ದೂ ಅಲ್ಲೇ, ಮೊದಲು ಓಡಿ ಕಣಿವೆಗಿಳಿದವರು ಅಕ್ಕಪಕ್ಕದ ಊರಿನ ಜನ. ಓದು ಮುಗಿಸಿದ ಡಾಕ್ಟರುಗಳು ಹೊರದೇಶಕ್ಕೆ ಹಾರುವುದೂ ಇಲ್ಲಿಂದಲೇ. ಮೂವರೂ ತಲೆಯೆತ್ತಿ ನೋಡಿದರು. ಯಾರು ಹೋಗುತ್ತೀರಿ, ಯಾರು ಉಳಿಯುತ್ತೀರಿ ಎಂದು ನಾನು ಕೇಳಲಿಲ್ಲ.

ಅಂಗಳದಲ್ಲಿ ಅಜ್ಜಿ ಅಡಿಕೆ ಸುಲಿಯುತ್ತಿದ್ದರು. ಹುಡುಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಾನು ಕಲಿತಷ್ಟು ತುಳುವಿನಲ್ಲಿ "ಅಜ್ಜಿ, ಉಷಾರ್ ಉಂಡಾ?" ಎಂದಳು. "ಉಷಾರ್ ಇಜ್ಜಿ ಮಗಾ, ತರೆ ತಿರ್ಗುಂಡು" ಎಂದರು ಅಜ್ಜಿ. ತಲೆ ತಿರುಗುವ ಸಂಗತಿ ಎರಡು ತಿಂಗಳಲ್ಲಿ ಅವರು ಯಾರಿಗೂ ಹೇಳಿರಲಿಲ್ಲ. ಹುಡುಗಿ ನಾಡಿ ಹಿಡಿದು ಗಡಿಯಾರ ನೋಡಿದಳು, ಮತ್ತೊಮ್ಮೆ ನೋಡಿದಳು, ಬಂಟ್ವಾಳದವನನ್ನು ಕಣ್ಣಲ್ಲೇ ಕರೆದಳು. ಅವನೂ ಹಿಡಿದು ನೋಡಿ, ಕೂಡಲೇ ತಮ್ಮ ಮೇಡಮ್ಮಿಗೆ ಫೋನು ಹಚ್ಚಿದ.

ವಿಜಯಪುರದವ ನೋಟ್ ಪುಸ್ತಕದಿಂದ ಒಂದು ಹಾಳೆ ಕಿತ್ತು, ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯತೊಡಗಿದ: ವೆನ್ಲಾಕ್, ಸೋಮವಾರ, ಬೆಳಿಗ್ಗೆ ಒಂಬತ್ತು, ರೇಶನ್ ಕಾರ್ಡ್, ಆಧಾರ್, ಯೋಜನೆಯ ಆರೋಗ್ಯಮಿತ್ರರನ್ನು ಕೇಳುವುದು. ಅಷ್ಟರಲ್ಲಿ ಬಂಟ್ವಾಳದವ ಫೋನಿನಿಂದ ಮುಖವೆತ್ತಿ, "ಸೋಮವಾರ ಬೇಡ, ಈಗಲೇ ಕರ್ಕೊಂಡು ಬನ್ನಿ ಅಂತಾರೆ ಮೇಡಂ" ಎಂದ.

ಅಜ್ಜಿ ನನ್ನ ಮುಖ ನೋಡಿದರು. "ಚೀಟಿ?" ಎಂದು ಕೇಳಿದರು. ಹುಡುಗಿ ಅವರ ಕೈ ಬಿಡದೆ, "ನಾನು ಬರ್ತೇನೆ ಅಜ್ಜಿ" ಎಂದಳು. ನಾನು ರಿಕ್ಷಾ ಹಿಡಿಯಲು ರಸ್ತೆಗೆ ಓಡಿದೆ.