ಕತ್ತಲೆಯ ಲೆಕ್ಕವಿಡುವ ಕಣ್ಣು

ಮಾಲಿನ್ಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಹೊಗೆ, ಕೊಳಚೆ ನೀರು, ಪ್ಲಾಸ್ಟಿಕ್ ರಾಶಿ. ಬೆಳಕೂ ಮಾಲಿನ್ಯವಾಗಬಲ್ಲದೆಂದರೆ ಒಪ್ಪುವುದು ಕಷ್ಟ. ಬೆಳಕನ್ನು ದೇವರ ಇರವಿನ ಸಂಕೇತವೆಂದು ಕಾಣುತ್ತ ಬಂದಿರುವ ವಿಶ್ವಾಸಿಗಳಿಗಂತೂ ಈ ಮಾತು ಒರಟಾಗಿ ಕೇಳಿಸುವುದು ಸಹಜ. ಆದರೆ ಈ ಸತ್ಯವನ್ನು ಬಹಳ ಹಿಂದೆಯೇ ಅನುಭವದಿಂದ ಅರಿತವರಲ್ಲಿ ನಮ್ಮ ಧರ್ಮಸಭೆಯದೇ ಒಂದು ಸಂಸ್ಥೆಯಿದೆ.

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ವ್ಯಾಟಿಕನ್ನಿನ ಖಗೋಳ ವೀಕ್ಷಣಾಲಯವನ್ನು ಪುನಃಸ್ಥಾಪಿಸಿದರು. ಕೆಲವೇ ದಶಕಗಳಲ್ಲಿ ರೋಮ್ ನಗರದ ವಿದ್ಯುದ್ದೀಪಗಳು ಮಸುಕಾದ ನಕ್ಷತ್ರಗಳನ್ನು ಮರೆಮಾಡಿದವು. 1930ರ ದಶಕದಲ್ಲಿ ವೀಕ್ಷಣಾಲಯವು ಸುಮಾರು 25 ಕಿಲೋಮೀಟರ್ ದೂರದ ಕ್ಯಾಸ್ಟೆಲ್ ಗಂಡೋಲ್ಫೊಗೆ ಸ್ಥಳಾಂತರಗೊಂಡಿತು. ಅದರ ಹೊಣೆ ಯೇಸುಸಭೆಯ ಗುರುಗಳದಾಯಿತು. ನಗರದ ಬೆಳಕು ಅಲ್ಲಿಗೂ ಬೆನ್ನಟ್ಟಿ ಬಂದಿತು. ಕೊನೆಗೆ 1981ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನಿನಲ್ಲಿ ಸಂಶೋಧನಾ ತಂಡವೊಂದು ನೆಲೆಯೂರಿತು. 1993ರಲ್ಲಿ ಅಲ್ಲಿನ ಗ್ರಹಾಂ ಪರ್ವತದ ಮೇಲೆ ದೂರದರ್ಶಕವೊಂದು ಸಿದ್ಧವಾಯಿತು. ಕತ್ತಲೆಯನ್ನು ಅರಸುತ್ತ ಗುರುಗಳು ಸಾಗರವನ್ನೇ ದಾಟಬೇಕಾಯಿತು! ಗುರುಮಠದ ದಿನಗಳಲ್ಲಿ ಗೆಲಿಲಿಯೋ ಕುರಿತು ನಾವು ಗಂಟೆಗಟ್ಟಲೆ ಚರ್ಚಿಸಿದ್ದುಂಟು. ಈ ವಲಸೆಯ ಕಥೆ ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ.

ಎಷ್ಟು ಕತ್ತಲೆ ಕಳೆದುಹೋಗಿದೆಯೆಂದು ತಿಳಿಯುವುದು ಹೇಗೆ? ನಮ್ಮ ಕಣ್ಣು ಇದಕ್ಕೆ ನಂಬಲರ್ಹ ಸಾಕ್ಷಿಯಲ್ಲ. ಅದು ಇದ್ದ ಬೆಳಕಿಗೆ ಹೊಂದಿಕೊಳ್ಳುತ್ತದೆ; ಹತ್ತು ವರ್ಷದ ಹಿಂದಿನ ಇರುಳನ್ನು ಮರೆತುಬಿಡುತ್ತದೆ. ಆದುದರಿಂದ ವಿಜ್ಞಾನಿಗಳು ಮರೆಯದ ಕಣ್ಣೊಂದನ್ನು ಆಕಾಶಕ್ಕೆ ನೆಟ್ಟಿದ್ದಾರೆ. ಅದೇ ಆಲ್-ಸ್ಕೈ ಕ್ಯಾಮೆರಾ. ಮೀನಿನ ಕಣ್ಣಿನಂತೆ ಉಬ್ಬಿದ ಅದರ ಮಸೂರವು ದಿಗಂತದಿಂದ ದಿಗಂತದವರೆಗಿನ ಇಡೀ ಆಕಾಶವನ್ನು ಒಂದೇ ವೃತ್ತದೊಳಗೆ ಹಿಡಿಯುತ್ತದೆ. ನೆತ್ತಿಯ ಮೇಲಿನ ಆಕಾಶ ವೃತ್ತದ ನಡುವೆ, ದಿಗಂತ ಅದರ ಅಂಚಿನಲ್ಲಿ. ಕಾಂತಿ ಮೊದಲೇ ಗೊತ್ತಿರುವ ನಕ್ಷತ್ರಗಳೊಡನೆ ಹೋಲಿಸಿ, ಚಿತ್ರದ ಒಂದೊಂದು ಚುಕ್ಕೆಯ ಪ್ರಕಾಶವನ್ನೂ ಲೆಕ್ಕ ಹಾಕಬಹುದು. ಈ ಅಳತೆಯಲ್ಲಿ ಅಂಕೆ ಹೆಚ್ಚಿದಷ್ಟೂ ಕತ್ತಲೆ ಹೆಚ್ಚು. ಮನುಷ್ಯರ ದೀಪ ತಾಕದ ಆಕಾಶಕ್ಕೆ ಸುಮಾರು 22. ದೊಡ್ಡ ನಗರಗಳಲ್ಲಿ ಅದು 17ಕ್ಕೆ ಇಳಿಯಬಹುದು. ಐದು ಅಂಕೆಯ ವ್ಯತ್ಯಾಸವೆಂದರೆ ನೂರು ಪಟ್ಟು ಹೆಚ್ಚು ಬೆಳಕು.

ನೆತ್ತಿಯ ಆಕಾಶವನ್ನಷ್ಟೇ ಅಳೆಯುವ ಚಿಕ್ಕ ಮಾಪಕಗಳೂ ಇವೆ. ಆದರೆ ಅವು ನೀಡುವುದು ಒಂದು ಅಂಕೆಯನ್ನು ಮಾತ್ರ. ಕ್ಯಾಮೆರಾವಾದರೋ ಬೆಳಕು ಬಂದ ದಿಕ್ಕನ್ನೇ ತೋರಿಸಿಕೊಡುತ್ತದೆ. ವೃತ್ತದ ಅಂಚಿನಲ್ಲಿ ಒಂದೊಂದು ಊರೂ ಒಂದೊಂದು ಬೆಳಕಿನ ಗುಮ್ಮಟವಾಗಿ ಏಳುತ್ತದೆ. ಇನ್ನೂ ಒಂದು ವಿಸ್ಮಯವಿದೆ. ನಗರದ ಮೇಲೆ ಮೋಡ ಕವಿದರೆ ದೀಪಗಳ ಬೆಳಕನ್ನು ಹಿಂದಿರುಗಿಸುತ್ತ ಅದು ಹೊಳೆಯುತ್ತದೆ. ನಿಜವಾದ ಕತ್ತಲೆಯ ನಾಡಿನಲ್ಲಿ ಅದೇ ಮೋಡವು ನಕ್ಷತ್ರಗಳ ನಡುವಿನ ಕಪ್ಪು ಕುಳಿಯಂತೆ ಕಾಣುತ್ತದೆ.

ಅಂಥ ನಾಡು ನಮ್ಮ ದೇಶದಲ್ಲಿಯೂ ಇದೆ. ಲಡಾಖಿನಲ್ಲಿ, ಸುಮಾರು 4,500 ಮೀಟರ್ ಎತ್ತರದ ಹಾನ್ಲೆಯ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2022ರಲ್ಲಿ ಆ ಪ್ರದೇಶವನ್ನು ಕತ್ತಲೆಯ ಆಕಾಶದ ಮೀಸಲು ತಾಣವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರು ದೀಪಗಳಿಗೆ ಮರೆ ಕಟ್ಟಿ, ಕಿಟಕಿಗಳಿಗೆ ಪರದೆ ಹಾಕಿ ಇರುಳನ್ನು ಕಾಯುತ್ತಿದ್ದಾರೆ. 2024ರ ಮೇ ತಿಂಗಳಲ್ಲಿ ಬಲವಾದ ಸೌರ ಚಂಡಮಾರುತ ಬೀಸಿದಾಗ ದಿಗಂತದಲ್ಲಿ ಮೂಡಿದ ಕೆಂಪು ಕಾಂತಿಯನ್ನು ಸೆರೆಹಿಡಿದದ್ದು ಹಾನ್ಲೆಯ ಇಂಥದೇ ಕ್ಯಾಮೆರಾ.

ಉಳಿದ ಜಗತ್ತಿನ ಸ್ಥಿತಿ ಬೇರೆ. 2016ರ ಜಾಗತಿಕ ನಕ್ಷೆಯೊಂದರ ಪ್ರಕಾರ ಮನುಕುಲದ ಮೂರರಲ್ಲೊಂದು ಭಾಗದವರಿಗೆ ಆಕಾಶಗಂಗೆ ಕಾಣಿಸುವುದಿಲ್ಲ. 2011ರಿಂದ 2022ರವರೆಗೆ ಸಾವಿರಾರು ನಾಗರಿಕರು ಬರಿಗಣ್ಣಿನಿಂದ ನಕ್ಷತ್ರ ನೋಡಿ ಕೊಟ್ಟ ವರದಿಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಇರುಳಿನ ಆಕಾಶವು ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಬೆಳಗುತ್ತಿದೆಯೆಂದು 2023ರಲ್ಲಿ ತಿಳಿಸಿದರು. ಇಂದು 250 ನಕ್ಷತ್ರಗಳು ಕಾಣುವ ಊರಿನಲ್ಲಿ ಹುಟ್ಟಿದ ಮಗುವಿಗೆ ಹದಿನೆಂಟು ತುಂಬುವಾಗ ನೂರು ಮಾತ್ರ ಕಾಣುವವು. ಎಲ್‌ಇಡಿ ದೀಪಗಳ ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚಾಗಿ ಚದುರುತ್ತದೆ. ಇರುಳ ಬೆಳಕನ್ನು ಅಳೆಯುವ ಪ್ರಮುಖ ಉಪಗ್ರಹಕ್ಕೆ ಆ ನೀಲಿ ಕಾಣುವುದೇ ಇಲ್ಲ. ನೆಲದಿಂದ ಮೇಲೆ ನೋಡುವ ಕ್ಯಾಮೆರಾ ಅಗತ್ಯವಾಗುವುದು ಇದರಿಂದಲೇ.

ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಮುನ್ನ, ದೇವಾಲಯದ ಗೋಪುರಕ್ಕೆ ಫ್ಲಡ್‌ಲೈಟ್ ಹಾಕಿಸುವ ವಿಚಾರ ಪಾಲನಾ ಮಂಡಳಿಯ ಮುಂದೆ ಬಂದಿತು. ನಾನು ಈ ವಿಷಯಗಳನ್ನು ತಿಳಿಸಿದಾಗ ಹಿರಿಯ ತಾಯಿಯೊಬ್ಬರು, "ಫಾದರ್, ಕತ್ತಲಾದರೆ ಹೆಣ್ಣುಮಕ್ಕಳು ಪ್ರಾರ್ಥನೆ ಮುಗಿಸಿ ಮನೆಗೆ ಹೋಗುವುದು ಹೇಗೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಬೇಕಾದದ್ದು ಕಾಲುದಾರಿಯ ಮೇಲಿನ ಬೆಳಕು. ಮೇಲಕ್ಕೆ ಚಿಮ್ಮುವ ಬೆಳಕು ಯಾರ ಹೆಜ್ಜೆಗೂ ದಾರಿ ತೋರದು. ಕೊನೆಗೆ ಗೋಪುರದ ದೀಪದ ಹಣದಲ್ಲಿ ಗೇಟಿನವರೆಗಿನ ದಾರಿಗೆ ಮರೆಯುಳ್ಳ, ಹಳದಿ ಛಾಯೆಯ, ಕೆಳಮುಖದ ದೀಪಗಳನ್ನು ಹಾಕಿಸಿದೆವು. ಮೊದಲು ಒಪ್ಪಿದವರು ಆ ತಾಯಿಯೇ.

ಪಾಸ್ಕ ಜಾಗರಣೆಯ ರಾತ್ರಿ ದೇವಾಲಯದ ದೀಪಗಳನ್ನೆಲ್ಲ ನಾವಾಗಿಯೇ ಆರಿಸುತ್ತೇವೆ. ಆ ಕತ್ತಲೆಯಿಲ್ಲದಿದ್ದರೆ ಪಾಸ್ಕ ಮೇಣದಬತ್ತಿಯ ಒಂಟಿ ಕುಡಿ ಯಾರ ಕಣ್ಣನ್ನು ಸೆಳೆದೀತು? ಸೃಷ್ಟಿಕರ್ತನು ಇರುಳನ್ನೂ ನಮಗೆ ಕೊಡುಗೆಯಾಗಿಯೇ ಕೊಟ್ಟಿದ್ದಾನೆ. ನದಿ ಕೆಟ್ಟರೆ ಶುದ್ಧಿಗೆ ದಶಕಗಳು ಬೇಕು. ಬೇಡದ ದೀಪವನ್ನು ಆರಿಸಿದರೆ ಆಕಾಶ ಅದೇ ಕ್ಷಣ ಶುದ್ಧವಾಗುತ್ತದೆ. ಬರುವ ಚಳಿಗಾಲದಲ್ಲಿ, ಚಂದ್ರನಿಲ್ಲದ ಒಂದು ಸಂಜೆ, ಮಕ್ಕಳೊಡನೆ ಅಂಗಳಕ್ಕೆ ಬಂದು ಕೃತ್ತಿಕೆಯ ಆರು ನಕ್ಷತ್ರಗಳನ್ನು ಎಣಿಸಿ ನೋಡಿರಿ. ಆರೂ ಕಾಣದಿದ್ದರೆ, ನಮ್ಮ ಮನೆಯ ಯಾವ ದೀಪ ಆಕಾಶವನ್ನು ನೋಡುತ್ತಿದೆಯೆಂದು ಮೊದಲು ಹುಡುಕೋಣ.