ಎರಿ ನಾಡಿನ ಆರ್‌ಎಕ್ಸ್ 100

ಹುಣ್ಣಿಮೆ ಬಂತೆಂದರೆ ಗಾಣಗಾಪುರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಜೀಪುಗಳು, ಕಲಬುರಗಿಯ ಬಸ್ಸುಗಳು, ಟಂಟಂಗಳು, ಸಾಲು ಸಾಲು ಬೈಕುಗಳು. ಅಂಥ ಗದ್ದಲದಲ್ಲೂ ಯಮಹಾ ಆರ್‌ಎಕ್ಸ್ 100 ಒಂದು ಬಂತೆಂದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ನಿಂತಲ್ಲೇ ಚಾಲೂ ಇದ್ದಾಗ ಬಿಡಿಬಿಡಿಯಾಗಿ ಟಿಣ್ ಟಿಣ್ ಎನ್ನುವ ದನಿ, ರೇಸ್ ಕೊಟ್ಟ ಕೂಡಲೇ ಒಂದೇ ಎಳೆಯಾಗಿ ಮೇಲೇರುತ್ತದೆ. ಕಟ್ಟೆಯ ಮೇಲೆ ಕೂತ ಹಿರಿಯರೂ ಹೊರಳಿ ನೋಡುತ್ತಾರೆ. 1996ರಲ್ಲೇ ತಯಾರಿಕೆ ನಿಂತುಹೋದ ಗಾಡಿಗೆ ಇಂದಿಗೂ ಇಷ್ಟು ಮರ್ಯಾದೆ ಯಾಕೆ? ಅದರ ಮೇಲೆ ಜೀವ ಇಟ್ಟುಕೊಂಡ ನನಗೆ ತೋಚಿದ್ದು ಇಷ್ಟು: ಮನುಷ್ಯನ ಕೈಗೂ ತಿಳಿವಳಿಕೆಗೂ ಪೂರ್ತಿ ದಕ್ಕುವ ಯಂತ್ರ ಅದು.

ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ಇದನ್ನು ನಮ್ಮ ರಸ್ತೆಗೆ ಇಳಿಸಿದ್ದು 1985ರಲ್ಲಿ. ಅಲ್ಲಿಯತನಕ ಮೋಟರ್ ಸೈಕಲ್ ಅಂದರೆ ಬುಲೆಟ್, ರಾಜದೂತ್, ಇಲ್ಲವೇ ಮೈಸೂರಿನ ಜಾವಾ, ಯೆಜ್ಡಿ. ಸುಜುಕಿ, ಹೊಂಡಾ, ಕವಾಸಾಕಿ ಕೂಡ ಅದರ ಆಸುಪಾಸಿನಲ್ಲೇ ಇಲ್ಲಿನ ಕಂಪನಿಗಳ ಜೊತೆ ಕೈಜೋಡಿಸಿ 100 ಸಿಸಿ ಗಾಡಿಗಳನ್ನು ತಂದವು. ಹೀರೊ ಹೊಂಡಾ ಮೈಲೇಜಿಗೆ ಹೆಸರಾಯಿತು, ಆರ್‌ಎಕ್ಸ್ ಓಟಕ್ಕೆ. 98 ಸಿಸಿ ಎಂಜಿನ್, 11 ಅಶ್ವಶಕ್ತಿ, ಸುಮಾರು 100 ಕಿಲೊ ತೂಕ, ನಾಲ್ಕೇ ಗೇರು. ಸಿಲಿಂಡರಿನ ಒಳ ಅಗಲ 50 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರವೂ 50 ಮಿಲಿಮೀಟರ್. ಮುಷ್ಟಿಯಲ್ಲಿ ಹಿಡಿಯಬಹುದಾದ ಆ ಪಿಸ್ಟನ್ನು ಇಬ್ಬರನ್ನು ಕೂರಿಸಿಕೊಂಡು ಸೇತುವೆಯ ಏರನ್ನು ಸಲೀಸಾಗಿ ಹತ್ತಿಸುತ್ತದೆ.

ಯಮಹಾ ಗುರುತು ಮೂರು ಶ್ರುತಿಕವಲುಗಳದು. ತೊರಾಕುಸು ಯಮಹಾ ಎಂಬಾತ 1887ರಲ್ಲಿ ಹಮಾಮತ್ಸು ಊರಿನ ಶಾಲೆಯ ರೀಡ್ ಆರ್ಗನ್ ರಿಪೇರಿ ಮಾಡಿಕೊಟ್ಟದ್ದೇ ಆ ಮನೆತನದ ಮೂಲ. ವಾದ್ಯ ಮಾಡುತ್ತಿದ್ದ ಕಂಪನಿಯಿಂದ ಮೊದಲ ಮೋಟರ್ ಸೈಕಲ್ ಹೊರಬಂದದ್ದು 1955ರಲ್ಲಿ, ಅದೂ ಟೂ ಸ್ಟ್ರೋಕ್. ರೀಡು ಆರ್‌ಎಕ್ಸ್ ಎಂಜಿನ್ನಿನಲ್ಲೂ ಇದೆ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಕೂತ ತೆಳ್ಳನೆಯ ಲೋಹದ ಎಲೆಗಳವು. ಎಂಜಿನ್ ಉಸಿರೆಳೆದಾಗ ತೆರೆದು ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆ ಬಿಡುತ್ತವೆ, ಒತ್ತಡ ತಿರುಗಿದರೆ ಮುಚ್ಚಿಕೊಳ್ಳುತ್ತವೆ. ನಮ್ಮ ಭಜನೆಯ ಹಾರ್ಮೋನಿಯಂ ರೀಡಿನ ಹಾಗೆ ಅವೂ ಗಾಳಿಯ ಒತ್ತಡಕ್ಕೇ ಅಲುಗುತ್ತವೆ.

ಫೋರ್ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬಂದಾಗ ಒಮ್ಮೆ ಬೆಂಕಿ ಹೊತ್ತುತ್ತದೆ, ಆರ್‌ಎಕ್ಸ್‌ನಂಥ ಟೂ ಸ್ಟ್ರೋಕಿನಲ್ಲಿ ಸುತ್ತಿಗೊಮ್ಮೆ. ಚುರುಕಿನ ಮೊದಲ ಗುಟ್ಟು ಅದು. ಎರಡನೆಯ ಗುಟ್ಟು ಸೈಲೆನ್ಸರಿನಲ್ಲಿದೆ. ಹೊರಬಿದ್ದ ಹೊಗೆಯ ಒತ್ತಡದ ಅಲೆ ಅದರೊಳಗಿನ ಕಿರಿದಾದ ಭಾಗಕ್ಕೆ ಬಡಿದು ಹಿಂದಿರುಗಿ, ಸಿಲಿಂಡರಿನಿಂದ ಸೋರಿಹೋಗಲಿದ್ದ ಹೊಸ ಗಾಳಿ-ಪೆಟ್ರೋಲನ್ನು ಮತ್ತೆ ಒಳಕ್ಕೆ ನೂಕುತ್ತದೆ. ಈ ವಿದ್ಯೆಯನ್ನು ಪಳಗಿಸಿದವನು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಅವನ ರೇಸ್ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಸುಜುಕಿ ಸೇರಿದಾಗ ಅದು ಜಪಾನಿಗೂ ದಾಟಿತು. ಅದರ ಒಂದು ಪಾಲು ಗಾಣಗಾಪುರದ ದಾರಿಯಲ್ಲಿ ಚೌಡಾಪುರ ದಾಟಿದ ಮೇಲೆ ನನ್ನ ಅಂಗೈಗೆ ಸಿಗುತ್ತದೆ. ಮೂರನೇ ಗೇರಿನಲ್ಲಿ ಸುಮ್ಮನೆ ಸಾಗುತ್ತಿದ್ದ ಗಾಡಿ, ಎಂಜಿನ್ ಹದಕ್ಕೆ ಬಂದ ಗಳಿಗೆಯಲ್ಲಿ ಒಮ್ಮೆಲೇ ಮುಂದಕ್ಕೆ ಎಳೆಯುತ್ತದೆ. ತೊಗರಿ ಹೊಲಗಳು ಎರಡೂ ಬದಿಗೆ ಸರ್ರನೆ ಹಿಂದೆ ಸರಿಯುತ್ತವೆ. ಆ ಎಳೆತದ ಸುಖ ಎಷ್ಟು ಸಲ ಉಂಡರೂ ನನಗೆ ಹಳಸಿಲ್ಲ.

ಓಡಿಸುವಷ್ಟೇ ಖುಷಿ ಬಿಚ್ಚುವುದರಲ್ಲೂ ಇದೆ. ವಾಲ್ವಿನ ಸೆಟ್ಟಿಂಗ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಶಕ್ತಿ ಹುಟ್ಟುವ ಜಾಗದಲ್ಲಿ ಆಡುವುದು ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಮೂರೇ. ನಾನು ಗಾಡಿ ಬಿಡುವ ಮಿಸ್ತ್ರಿ ಕಾಕಾ ಮೊದಲು ಪ್ಲಗ್ ಬಿಚ್ಚಿ ಅದರ ತುದಿಯನ್ನು ಬೆಳಕಿಗೆ ಹಿಡಿಯುತ್ತಾರೆ.

“ಹೆಂಗದ ಕಾಕಾ?”

“ತಿಳಿ ಕಂದು ಬಣ್ಣ ಅದ, ಬರೋಬ್ಬರಿ ಅದ ನೋಡಪಾ. ಕರ್ರಗಾಗಿದ್ರ ಪೆಟ್ರೋಲ್ ಜಾಸ್ತಿ ಕುಡಿಲಾಕತ್ತದ, ಬೆಳ್ಳಗಾಗಿದ್ರ ಉಪಾಸ ಬಿದ್ದದ ಅಂತ ತಿಳ್ಕೋ.”

ಬೆರಳಿನುದ್ದದ ಆ ಪ್ಲಗ್ಗಿನಲ್ಲಿ ಎಂಜಿನ್ನಿನ ಆರೋಗ್ಯವನ್ನು ಓದುವ ವಿದ್ಯೆಯನ್ನು ನಾನು ಕಲಿತದ್ದು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು. ಟೂ ಸ್ಟ್ರೋಕಿಗೆ ಹಾಕುವ ಟೂಟಿ ಆಯಿಲ್ ಉರಿದು ಪಿಸ್ಟನ್ ತಲೆಯ ಮೇಲೆ ಕಟ್ಟಿದ ಕಾರ್ಬನ್ನನ್ನು ಅವರು ನವಿರಾಗಿ ಕೆರೆದು ತೆಗೆಯುತ್ತಾರೆ. ಕಟ್ಟಿಕೊಂಡ ಸೈಲೆನ್ಸರನ್ನು ಬೆಂಕಿಯಲ್ಲಿ ಸುಟ್ಟು ಕುಟ್ಟಿ ಉದುರಿಸುತ್ತಾರೆ. ಸಿಲಿಂಡರ್ ಸವೆದರೂ ಎಸೆಯುವ ಮಾತಿಲ್ಲ. ಲೇತಿನವರ ಹತ್ತಿರ ರಿಬೋರ್ ಮಾಡಿಸಿ 0.25 ಮಿ.ಮೀ. ದೊಡ್ಡ ಪಿಸ್ಟನ್ ಕೂಡಿಸಿದರೆ ಎಂಜಿನ್ನಿಗೆ ಇನ್ನೊಂದು ಆಯುಷ್ಯ. ಅದೂ ಸವೆದರೆ 0.50 ಇದೆ.

ಈ ನಾಡಿಗೆ ಅದರ ಹಗುರವೂ ಒಗ್ಗಿದೆ. ಮಳೆ ಬಿದ್ದಾಗ ಹೊಲದ ದಾರಿಯ ಎರಿ ಮಣ್ಣು ಚಕ್ರಕ್ಕೆ ಸುತ್ತಿಕೊಂಡು ಮಡ್‌ಗಾರ್ಡ್ ಒಳಗೆ ಗಚ್ಚಾಗಿ ನಿಲ್ಲುತ್ತದೆ, ಚಕ್ರ ತಿರುಗುವುದೇ ಇಲ್ಲ. ಭಾರದ ಗಾಡಿಯಾದರೆ ಅಲ್ಲೇ ಕೂತುಬಿಡುತ್ತದೆ. ಆರ್‌ಎಕ್ಸನ್ನು ಇಬ್ಬರು ಸೇರಿ ಎತ್ತಿ ಬದುವಿಗಿಟ್ಟು, ಕಡ್ಡಿಯಿಂದ ಮಣ್ಣು ಕೆರೆದು, ಕಿಕ್ ಹೊಡೆದು ಹೊರಡಬಹುದು.

ಹೊಗೆಯ ಮಾತನ್ನೂ ಆಡಲೇಬೇಕು. ಸೈಲೆನ್ಸರಿನ ಅಲೆ ಎಷ್ಟು ನೂಕಿದರೂ ಒಂದಿಷ್ಟು ಪೆಟ್ರೋಲು ಉರಿಯದೆ ಹೊರಹೋಗುತ್ತದೆ, ಜೊತೆಗೆ ಆಯಿಲೂ ಸುಡುತ್ತದೆ. ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದ ಕಾಲದಲ್ಲೇ ಆರ್‌ಎಕ್ಸ್ 100 ನಿಂತಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೆಲಸ ನಿಂತದ್ದೂ ಅದೇ 1996ರಲ್ಲಿ. ಉಸಿರಾಡುವ ಗಾಳಿಗಾಗಿ ಬಂದ ನಿಯಮ ನ್ಯಾಯವಾದದ್ದೇ. ಅದಕ್ಕೇ ಉಳಿದ ಗಾಡಿಗಳನ್ನು ಹದವಾಗಿ ಟ್ಯೂನ್ ಮಾಡಿಸಿ, ಒಳ್ಳೆಯ ಆಯಿಲ್ ಹಾಕಿ, ಅಗತ್ಯಕ್ಕೆ ತಕ್ಕಷ್ಟೇ ಓಡಿಸುವುದು ಪ್ರೀತಿಸುವವರ ಹೊಣೆ. ಸೈಲೆನ್ಸರ್ ಒಳಗಿನ ನಳಿಗೆ ಕಿತ್ತು ಊರೆಲ್ಲ ಅಬ್ಬರಿಸುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗಾಣಗಾಪುರದ ಭೀಮಾ-ಅಮರಜಾ ಸಂಗಮದ ಔದುಂಬರದ ಬುಡದಲ್ಲಿ ಗುರುಚರಿತ್ರೆಯ ಪಾರಾಯಣಕ್ಕೆ ಕೂತವರ ಏಕಾಗ್ರತೆಯನ್ನು ಕೆಡಿಸಿ ಗಳಿಸುವಂಥದ್ದೇನಿದೆ? ಯಮಹಾ ಕೂಡಿಸಿಕೊಟ್ಟ ದನಿಯೇ ಸಾಕಷ್ಟು ಸೊಗಸಾಗಿದೆ.

ಕಲಬುರಗಿಯ ಕೆಎ-32 ನಂಬರಿನ ಹಳೆಯ ಆರ್‌ಎಕ್ಸ್ ಎಲ್ಲಿ ಸಿಕ್ಕೀತು ಎಂದು ಇಂದು ಕೇಳಿಕೊಂಡು ಬರುವವರಲ್ಲಿ ಹಲವರು 1996ರ ನಂತರ ಹುಟ್ಟಿದವರು. ಹಳೆಯ ದಿನಗಳ ನೆನಪು ಅವರಿಗೆ ಇರಲಿಕ್ಕೇ ಸಾಧ್ಯವಿಲ್ಲ. ಶೋರೂಮಿನ ಕಂಪ್ಯೂಟರ್ ಹೇಳಿದ್ದನ್ನು ನಂಬಿ ದುಡ್ಡು ಕಟ್ಟಿ ಬರುವ ಕಾಲದಲ್ಲಿ, ತಾವೇ ಬಿಚ್ಚಿ ತಾವೇ ಜೋಡಿಸಿ ತಮ್ಮದೆನ್ನಬಹುದಾದ ಯಂತ್ರವೊಂದು ಅವರಿಗೆ ಬೇಕಾಗಿದೆ. ಅವರಿಗೆ ನಾನು ಹೇಳುವುದು ಇಷ್ಟೇ: ಗಾಡಿ ಸಿಕ್ಕ ದಿನ ಹೊಸ ಬಣ್ಣ ಹೊಡೆಸಲು ಓಡಬೇಡಿ. ಒಳ್ಳೆಯ ಮಿಸ್ತ್ರಿಯ ಪಕ್ಕದಲ್ಲಿ ಕೂತು, ಕಾರ್ಬೊರೇಟರ್ ಬಿಚ್ಚಿ, ನಿಮ್ಮ ಕೈಯಾರೆ ಪೆಟ್ರೋಲಿನಲ್ಲಿ ತೊಳೆಯಿರಿ.